ಪಾರ್ಟ್ನರ್ ಸಿಗಲಿಲ್ಲ, ಗಡುವು ಮುಗಿಯಿತು

ಸಂಘ-ಸಂಸ್ಥೆ ನಡೆಸುವವರ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ರಾಗ ಹಾಡುತ್ತಿವೆ. ಹಣ ಕೊಡುವವರಿದ್ದಾರೆ, ಕೆಲಸ ಮಾಡುವವರೂ ಇದ್ದಾರೆ. ಆದರೆ "ಬೇರೆ ಸಂಸ್ಥೆಗಳ ಜೊತೆ ಸೇರಿ ಅರ್ಜಿ ಹಾಕಿ" ಅನ್ನುವ ಒಂದು ಸಾಲು ಎಲ್ಲರನ್ನೂ ಸುಸ್ತು ಮಾಡಿಸಿದೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇದನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮದು ಸಣ್ಣ ಟ್ರಸ್ಟ್. ಕೆರೆ ಹೂಳೆತ್ತಿಸುವುದು, ಕಾಲುವೆ ದುರಸ್ತಿ, ಇಂಥ ಕೆಲಸ ಮಾಡುತ್ತೇವೆ. ಬೆಂಗಳೂರಿನ ಒಂದು ಕಂಪನಿ ಕೆರೆಗಳಿಗೆ ಸಿಎಸ್‌ಆರ್ ಹಣ (ಕಂಪನಿಗಳು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕಾದ ಹಣ) ಕೊಡುತ್ತೇವೆ ಅಂತ ಅರ್ಜಿ ಕರೆಯಿತು. ಕನಿಷ್ಠ ಮೂರು ಸಂಸ್ಥೆ ಸೇರಿರಬೇಕು ಅಂತ ಷರತ್ತು. ಗೊತ್ತಿದ್ದ ಎಲ್ಲ ಸಂಸ್ಥೆಗಳಿಗೂ ಮೇಲ್ ಹಾಕಿದೆವು. ತುಂಬಾ ಜನ ಉತ್ತರವನ್ನೇ ಕೊಡಲಿಲ್ಲ. ಕೆಲವರು "ನೋಡೋಣ ಸರ್, ಹೇಳ್ತೀವಿ" ಅಂದರು, ಹೇಳಲಿಲ್ಲ. ಒಬ್ಬರು ಖಂಡಿತ ಬರ್ತೀವಿ ಅಂತ ಒಪ್ಪಿಕೊಂಡು, ಗಡುವಿನ ಹಿಂದಿನ ದಿನ ಸಂಜೆ "ನಮ್ಮ ಬೋರ್ಡ್ ಒಪ್ಪಲಿಲ್ಲ" ಅಂತ ವಾಟ್ಸಾಪ್ ಕಳಿಸಿದರು. ಅರ್ಜಿ ಹಾಕಲು ಆಗಲೇ ಇಲ್ಲ. ಒಳ್ಳೆ ಕೆಲಸಕ್ಕೆ ಜೊತೆಗೆ ಬನ್ನಿ ಅಂದರೂ ಜನ ಯಾಕ್ರೀ ಹೀಗೆ? ನಾವು ಕಳಿಸಿದ ಮೇಲ್‌ನ ಪ್ರತಿಯನ್ನೂ ಇಟ್ಟಿದ್ದೇನೆ, ನೋಡಿ.
(ಹೆಸರು ಬೇಡ ಎಂದವರು, ಹಾವೇರಿ ಜಿಲ್ಲೆ)

ಉತ್ತರ: ಸಿಟ್ಟು ಬರುವಂಥದ್ದೇ. ಹಿಂದಿನ ದಿನ ಸಂಜೆ ಕೈಕೊಟ್ಟವರ ಪರವಾಗಿ ನಾನು ಒಂದು ಮಾತೂ ಆಡುವುದಿಲ್ಲ. ಬೋರ್ಡ್ ಒಪ್ಪಬೇಕು ಅನ್ನುವುದು ಅವರಿಗೆ ಮೊದಲ ದಿನವೂ ಗೊತ್ತಿತ್ತು ಅಲ್ವಾ?

ಉತ್ತರವನ್ನೇ ಕೊಡದವರ ಕಥೆ ಬೇರೆ. ನಿಮ್ಮ ಮೇಲ್ ಓದಿದೆ. ಒಂದೂವರೆ ಪುಟ ಟ್ರಸ್ಟಿನ ಇತಿಹಾಸ. ಯಾವ ಸ್ವಾಮೀಜಿ ಉದ್ಘಾಟಿಸಿದರು, ಯಾವ ಶಾಸಕರು ಬಂದಿದ್ದರು, ಯಾವ ಪತ್ರಿಕೆಯಲ್ಲಿ ಸುದ್ದಿ ಬಂತು. ಕೊನೆಯಲ್ಲಿ "ತಾವು ನಮ್ಮೊಂದಿಗೆ ಕೈಜೋಡಿಸಬೇಕಾಗಿ ವಿನಂತಿ". ಯಾವ ಕೆರೆ, ಎಷ್ಟು ಎಕರೆ, ಅವರು ಮಾಡಬೇಕಾದ ಕೆಲಸ ಏನು, ಅವರ ಪಾಲಿಗೆ ಎಷ್ಟು ಹಣ, ಯಾವತ್ತಿನೊಳಗೆ ಹೇಳಬೇಕು, ಒಂದೂ ಇಲ್ಲ. ಮೇಲಾಗಿ ಎಲ್ಲರ ವಿಳಾಸವನ್ನೂ ಒಂದೇ ಸಾಲಿನಲ್ಲಿ ಪೋಣಿಸಿದ್ದೀರಿ. ಮೇಲ್ ತೆಗೆದವರಿಗೆ ಮೊದಲು ಕಾಣುವುದೇ ಇದು ಇನ್ನೂ ಅಷ್ಟು ಜನರಿಗೆ ಹೋಗಿದೆ ಅನ್ನುವುದು. ಯಾರಾದರೂ ಹೂಂ ಅಂದಿರ್ತಾರೆ ಬಿಡು ಅಂತ ಪ್ರತಿಯೊಬ್ಬರೂ ಮುಚ್ಚಿ ಪಕ್ಕಕ್ಕಿಟ್ಟಿರುತ್ತಾರೆ.

ಮುಂದಿನ ಸಲ ಒಬ್ಬೊಬ್ಬರಿಗೇ ಬರೆಯಿರಿ, ಬರೆಯುವ ಮೊದಲು ಫೋನ್ ಮಾಡಿ. ನಾಲ್ಕು ಸಾಲು ಸಾಕು: "ನಮ್ಮೂರ ಕೆರೆಯ ಹೂಳೆತ್ತುವ ಕೆಲಸ ನಾವು ನೋಡಿಕೊಳ್ಳುತ್ತೇವೆ. ಮೊದಲು ಎಷ್ಟು ನೀರು ನಿಲ್ಲುತ್ತಿತ್ತು, ಆಮೇಲೆ ಎಷ್ಟು ನಿಂತಿತು ಅನ್ನುವ ಅಳತೆ, ಮಣ್ಣಿನ ಪರೀಕ್ಷೆ, ಇದು ನಿಮಗೆ ಚೆನ್ನಾಗಿ ಬರುತ್ತದೆ. ಅದಕ್ಕೆ ನಿಮ್ಮ ಕಡೆಯ ಒಬ್ಬರ ಸಂಬಳ, ಓಡಾಟದ ಖರ್ಚು ಎಷ್ಟಾಗುತ್ತದೆ ಅಂತ ನೀವೇ ಬರೆದು ಕೊಡಿ. ಆಗುತ್ತೋ ಇಲ್ಲವೋ ಶುಕ್ರವಾರದೊಳಗೆ ಹೇಳಿ." ಇಂಥ ಪತ್ರಕ್ಕೂ ಇಲ್ಲ ಅನ್ನುವವರು ಇರುತ್ತಾರೆ. ಆದರೆ ಬೇಗ ಇಲ್ಲ ಅನ್ನುತ್ತಾರೆ. ಗಡುವಿನ ಮುಂದೆ ಅದೇ ದೊಡ್ಡ ಉಪಕಾರ.

ಇನ್ನು ಬರಲು ಮನಸ್ಸಿದ್ದೂ ಬರಲಾಗದವರು. ಇವರೇ ಜಾಸ್ತಿ. 2021ರ ಏಪ್ರಿಲ್ 1ರಿಂದ ಕಂಪನಿಗಳ ಸಿಎಸ್‌ಆರ್ ಹಣದಲ್ಲಿ ಕೆಲಸ ಮಾಡುವ ಸಂಸ್ಥೆ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ಅನ್ನುವ ಫಾರಂ ತುಂಬಿ ನೋಂದಣಿ ನಂಬರ್ ಪಡೆದಿರಬೇಕು. ಅದಕ್ಕೆ ಆದಾಯ ತೆರಿಗೆಯ 12ಎ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ) ಮತ್ತು 80ಜಿ (ದೇಣಿಗೆ ಕೊಟ್ಟವರಿಗೆ ತೆರಿಗೆ ರಿಯಾಯಿತಿ) ನೋಂದಣಿ ಬೇಕು. ಇಂಥದ್ದೇ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ಬೇಕು. ಫಾರಂಗೆ ಡಿಜಿಟಲ್ ಸಹಿ ಬೇಕು, ಚಾರ್ಟರ್ಡ್ ಅಕೌಂಟೆಂಟ್ ಅಥವಾ ಕಂಪನಿ ಸೆಕ್ರೆಟರಿಯಂಥವರು ಪರಿಶೀಲಿಸಿ ಸಹಿ ಮಾಡಬೇಕು. ಹಳೇ 12ಎ ಪತ್ರವನ್ನು ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿರುವ ಸಂಸ್ಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಆ ನೋಂದಣಿಗೆ ಈಗ ಅವಧಿ ಇದೆ, ಹೊಸದಾಗಿ ಮಾಡಿಸಬೇಕು ಅನ್ನುವುದು ಅವರಿಗೆ ಗೊತ್ತಾಗುವುದು ಯಾರೋ ಪಾರ್ಟ್ನರ್ ಆಗಿ ಅಂತ ಕೇಳಿದಾಗಲೇ. "ಬೋರ್ಡ್ ಒಪ್ಪಲಿಲ್ಲ" ಅನ್ನುವ ಮಾತಿನ ಹಿಂದೆ ಎಷ್ಟೋ ಸಲ ಇರುವುದು ಇದೇ, ಹೇಳಿಕೊಳ್ಳಲು ನಾಚಿಕೆ ಅಷ್ಟೇ. ಹಾಗಾಗಿ ಮೊದಲ ಫೋನಿನಲ್ಲೇ ಕೇಳಿ: ನಿಮ್ಮ ಸಿಎಸ್‌ಆರ್-1 ನಂಬರ್ ಇದೆಯಾ, 80ಜಿ ಯಾವಾಗಿನವರೆಗೆ ಇದೆ? ಒರಟು ಅನ್ನಿಸಬಹುದು. ಕೊನೇ ದಿನ ಗೊತ್ತಾಗುವುದಕ್ಕಿಂತ ಲೇಸು.

ಇನ್ನೊಂದು ಭಯವೂ ಇದೆ. ಕೊಟ್ಟ ಹಣ ಒಪ್ಪಿದ ಕೆಲಸಕ್ಕೇ ಖರ್ಚಾಗಿದೆ ಅಂತ ಕಂಪನಿಯ ಹಣಕಾಸು ಮುಖ್ಯಸ್ಥರು ಬರೆದು ಪ್ರಮಾಣೀಕರಿಸಬೇಕು ಅಂತ ನಿಯಮ. ಅವರು ಲೀಡ್ ಸಂಸ್ಥೆಯ, ಅಂದರೆ ಎಲ್ಲರ ಪರವಾಗಿ ಮುಂದೆ ನಿಂತ ಸಂಸ್ಥೆಯ, ಬೆನ್ನು ಹತ್ತುತ್ತಾರೆ, ಲೀಡ್ ಸಂಸ್ಥೆ ಪಾರ್ಟ್ನರ್‌ಗಳ ಬೆನ್ನು ಹತ್ತುತ್ತದೆ. ಮೂವರಲ್ಲಿ ಒಬ್ಬರ ಬಳಕೆ ಪ್ರಮಾಣಪತ್ರ ತಡವಾದರೂ ಮೂವರ ಮುಂದಿನ ಕಂತೂ ನಿಲ್ಲುತ್ತದೆ. ಕಂತು ನಿಂತರೆ ಹಳ್ಳಿಯಲ್ಲಿ ಓಡಾಡುವ ಹುಡುಗರಿಗೆ ಸಂಬಳ ಇಲ್ಲ. ಒಮ್ಮೆ ಈ ಬಿಸಿ ತಾಗಿಸಿಕೊಂಡವರು, ಗುರುತು ಪರಿಚಯ ಇಲ್ಲದ ಟ್ರಸ್ಟಿನ ಜೊತೆ ಹೆಸರು ಸೇರಿಸಲು ಹಿಂದೆ ಮುಂದೆ ನೋಡದೆ ಇರುತ್ತಾರಾ? ನೀವು ಎಷ್ಟು ಒಳ್ಳೆಯವರು ಅನ್ನುವುದು ಅವರಿಗೆ ಮುಖ್ಯ ಅಲ್ಲ. ನಿಮ್ಮ ಲೆಕ್ಕ ಬರೆಯುವವರು ಯಾರು ಅನ್ನುವುದು ಮುಖ್ಯ. ಮೇಲ್‌ನಲ್ಲಿ ಶಾಸಕರ ಹೆಸರಿನ ಬದಲು ಅದನ್ನು ಬರೆಯಿರಿ. ಕಳೆದ ಮೂರು ವರ್ಷದ ಆಡಿಟ್ ರಿಪೋರ್ಟ್ ಲಗತ್ತಿಸಿ.

ನೀವು ದೊಡ್ಡ ದೊಡ್ಡ ಸಂಸ್ಥೆಗಳ ಬಾಗಿಲನ್ನೇ ತಟ್ಟಿದ್ದೀರಿ. ಕೆರೆಯ ಕೆಲಸಕ್ಕೆ ಹತ್ತಿರದ ಪಾರ್ಟ್ನರ್ ಊರಲ್ಲೇ ಇರಬಹುದು. 2002ರಲ್ಲಿ ವಿಶ್ವ ಬ್ಯಾಂಕ್ ನೆರವಿನಿಂದ ಜಲ ಸಂವರ್ಧನೆ ಯೋಜನೆ ಶುರುವಾದ ಮೇಲೆ ನಮ್ಮ ಎಷ್ಟೋ ಊರುಗಳಲ್ಲಿ ಕೆರೆ ಬಳಕೆದಾರರ ಸಂಘಗಳಾದವು. ಕೆಲವು ಈಗ ಕಾಗದದ ಮೇಲೆ ಮಾತ್ರ ಇವೆ, ಕೆಲವು ಇನ್ನೂ ಉಸಿರಾಡುತ್ತಿವೆ. ನಿಮ್ಮ ಊರಲ್ಲಿ ಅಂಥದ್ದು ಇದೆಯಾ ವಿಚಾರಿಸಿ. ಅದಕ್ಕೆ ಸಿಎಸ್‌ಆರ್-1 ಇರುವುದಿಲ್ಲ, ನೇರವಾಗಿ ಹಣ ಪಡೆಯಲಾಗುವುದಿಲ್ಲ. ಆದರೆ ಹಣವಿಲ್ಲದ ಪಾರ್ಟ್ನರ್ ಆಗಿ ಸೇರಿಸಿಕೊಳ್ಳಬಹುದಾ ಅಂತ ಕಂಪನಿಯವರನ್ನೇ ಕೇಳಿ. ಹೂಳನ್ನು ಯಾರ ಹೊಲಕ್ಕೆ ಎಷ್ಟು ಟ್ರ್ಯಾಕ್ಟರ್ ಹಾಕಬೇಕು, ಟ್ರ್ಯಾಕ್ಟರ್ ಬಾಡಿಗೆ ರೈತರು ಹಾಕಿಕೊಳ್ಳುತ್ತಾರಾ, ಜೆಸಿಬಿ ಖರ್ಚು ಮಾತ್ರ ಪ್ರಾಜೆಕ್ಟಿನದ್ದಾ, ಇದನ್ನೆಲ್ಲ ಕೂತು ಬಗೆಹರಿಸುವುದು ಬೆಂಗಳೂರಿನ ಸಂಸ್ಥೆಯಿಂದ ಆಗುವ ಕೆಲಸ ಅಲ್ಲ. ರೈತರು ಇಂತಿಷ್ಟು ಹಾಕುತ್ತಾರೆ ಅಂತ ಸಂಘದ ಠರಾವಿನ ಪ್ರತಿ ಅರ್ಜಿಯ ಜೊತೆ ಇದ್ದರೆ ಅದರ ತೂಕವೇ ಬೇರೆ. ಆಯ್ಕೆ ಸಮಿತಿಗಳಲ್ಲಿ ಕೂತು ನೋಡಿದ್ದೇನೆ. ಅಂಥ ಒಂದು ಪುಟ ಬಂದರೆ ಎಲ್ಲರೂ ಕನ್ನಡಕ ಸರಿಮಾಡಿಕೊಂಡು ಓದುತ್ತಾರೆ.

ಅನುಮತಿಯ ವಿಷಯ ಮರೆಯಬೇಡಿ. ಅಚ್ಚುಕಟ್ಟು (ಕೆರೆಯ ನೀರು ಹಾಯುವ ಜಮೀನು) 40 ಹೆಕ್ಟೇರಿಗಿಂತ ಕಡಿಮೆ ಇರುವ ಕೆರೆಯಾದರೆ ಪಂಚಾಯಿತಿ ಕಡೆ ಹೋಗಬೇಕು, ಅದಕ್ಕಿಂತ ದೊಡ್ಡದಾದರೆ ಸಣ್ಣ ನೀರಾವರಿ ಇಲಾಖೆ. ಆ ಪತ್ರ ಕೈಯಲ್ಲಿ ಹಿಡಿದುಕೊಂಡು ಪಾರ್ಟ್ನರ್ ಹುಡುಕಿದರೆ ಮಾತೇ ಬೇರೆ ಥರ ಶುರುವಾಗುತ್ತದೆ. ಗಡುವು ಬಂದ ಮೇಲೆ ಓಡಾಡುವುದು ಯುದ್ಧಕಾಲೇ ಶಸ್ತ್ರಾಭ್ಯಾಸ. ಅರ್ಜಿ ಯಾವುದೂ ಇಲ್ಲದ ತಿಂಗಳಲ್ಲೇ ಎರಡು ಸಂಸ್ಥೆಗಳಿಗೆ ಹೋಗಿ, ಟೀ ಕುಡಿದು, ಕಾಗದಪತ್ರ ತೋರಿಸಿ, ಅವರದನ್ನೂ ನೋಡಿ ಬನ್ನಿ.

ಅರ್ಜಿ ಕರೆಯುವವರ ಬಗ್ಗೆಯೂ ಎರಡು ಮಾತು ಆಡದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು ಅಂತ 2013ರ ಕಂಪನಿ ಕಾಯ್ದೆ ಹೇಳುತ್ತದೆ. ಖರ್ಚಾಗದೆ ಉಳಿದದ್ದು ಮುಂದುವರಿಯುವ ಪ್ರಾಜೆಕ್ಟಿನ ಹಣವಾದರೆ ಬೇರೆ ಖಾತೆಗೆ ಹಾಕಿ ಮೂರು ವರ್ಷದಲ್ಲಿ ಮುಗಿಸಬೇಕು. ಅಲ್ಲದಿದ್ದರೆ ವರ್ಷ ಮುಗಿದ ಆರು ತಿಂಗಳೊಳಗೆ ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಯಂಥ, ಕಾನೂನಿನಲ್ಲೇ ಹೆಸರಿಸಿರುವ ನಿಧಿಗೆ ಕೊಟ್ಟುಬಿಡಬೇಕು. ಹಾಗಾಗಿ ಮಾರ್ಚ್ ಹತ್ತಿರ ಬಂದಂತೆ ಕೆಲವರಿಗೆ ದಿಢೀರನೆ ಸಮಾಜಸೇವೆ ನೆನಪಾಗುತ್ತದೆ. ಎರಡು ಮೂರು ವಾರದ ಗಡುವು ಕೊಟ್ಟು, ಅದರೊಳಗೆ ಸಂಸ್ಥೆಗಳು ಒಂದನ್ನೊಂದು ಹುಡುಕಿ, ನಂಬಿ, ಬಜೆಟ್ ಹಂಚಿಕೊಂಡು, ಇ-ಸ್ಟಾಂಪ್ ಕಾಗದದ ಮೇಲೆ ಒಪ್ಪಂದ ಮಾಡಿಕೊಂಡು ಬರಬೇಕಂತೆ! ಆ ಓಡಾಟದ ಖರ್ಚು ಯಾರೂ ಕೊಡುವುದಿಲ್ಲ. ಒಟ್ಟಿಗೆ ಕೆಲಸ ಮಾಡುವುದು ಅಷ್ಟು ಮುಖ್ಯವಾದರೆ ಮೊದಲು ಎಲ್ಲರನ್ನೂ ಒಂದು ಕಡೆ ಕೂರಿಸಲಿ, ಕಾಫಿ ತಿಂಡಿಯ ಬಿಲ್ಲು ತಾವು ಕಟ್ಟಲಿ. ನೀವು ಅವರಿಗೆ ಒಂದು ಪತ್ರ ಬರೆಯಿರಿ, ಗಡುವು ಸಾಲಲಿಲ್ಲ ಅಂತ. ಜೊತೆಗೆ ಇದನ್ನೂ ಬರೆಯಿರಿ: ಹೂಳೆತ್ತುವುದು ಕೆರೆ ಒಣಗಿರುವ ಬೇಸಿಗೆಯಲ್ಲಿ ಮಾತ್ರ, ಮಳೆ ಶುರುವಾದ ಮೇಲೆ ಹಣ ಕೈಗೆ ಬಂದರೆ ಒಂದು ವರ್ಷ ಸುಮ್ನೆ ಕೂರಬೇಕು. ಅಚ್ಚರಿ ಅನ್ನಿಸಬಹುದು, ಎಷ್ಟೋ ಸಿಎಸ್‌ಆರ್ ಅಧಿಕಾರಿಗಳಿಗೆ ಇದನ್ನು ಯಾರೂ ಹೇಳಿರುವುದೇ ಇಲ್ಲ.

ಪ್ರಶ್ನೆ: ನಾವು ಕೊಪ್ಪಳದ ಕಡೆ ಮಹಿಳೆಯರ ಜೊತೆ ಕೆಲಸ ಮಾಡುವ ಸಂಸ್ಥೆ. ಒಂದು ದೊಡ್ಡ ಸಂಸ್ಥೆ "ನಾವು ಲೀಡ್ ಆಗ್ತೀವಿ, ನೀವು ಪಾರ್ಟ್ನರ್" ಅಂತ ಬಂತು. ಹಳ್ಳಿಗಳ ಪಟ್ಟಿ, ಸಂಘಗಳ ವಿವರ, ಫೋಟೊ ಎಲ್ಲ ಕೊಟ್ಟೆವು. ಬಜೆಟ್ ಮಾತ್ರ ತೋರಿಸಲಿಲ್ಲ. ಆಮೇಲೆ ನೋಡಿದರೆ ನಮ್ಮ ಪಾಲಿಗೆ ಬರೀ ತರಬೇತಿಯ ಊಟದ ಖರ್ಚು. ಕೇಳಿದ್ದಕ್ಕೆ "ಅಡ್ಮಿನ್‌ಗೆ ಶೇ. 5 ದಾಟುವಂತಿಲ್ಲ, ಕಾನೂನು" ಅಂದರು. ಹೌದಾ ಅಕ್ಕಾ?
(ಒಬ್ಬ ಕಾರ್ಯಕರ್ತೆ)

ಉತ್ತರ: ಅಲ್ಲ ತಂಗೀ. ಆ ಶೇ. 5ರ ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಆಡಳಿತ ಖರ್ಚಿಗೆ, ಅದೂ ಕಂಪನಿಯ ಆ ವರ್ಷದ ಒಟ್ಟು ಸಿಎಸ್‌ಆರ್ ಖರ್ಚಿನ ಮೇಲೆ. ಒಂದು ಪ್ರಾಜೆಕ್ಟನ್ನು ರೂಪಿಸಲು, ನಡೆಸಲು, ಉಸ್ತುವಾರಿ ಮಾಡಲು, ಮೌಲ್ಯಮಾಪನ ಮಾಡಲು ನೇರವಾಗಿ ಆಗುವ ಖರ್ಚು ಆಡಳಿತ ಖರ್ಚಲ್ಲ ಅಂತ ನಿಯಮದಲ್ಲೇ ಬರೆದಿದೆ. ಹಳ್ಳಿ ಹಳ್ಳಿ ಸುತ್ತಿ ಸಂಘದ ಸಭೆ ಮಾಡಿಸುವ ನಿಮ್ಮ ಕಾರ್ಯಕರ್ತೆಯ ಸಂಬಳ, ಅವಳ ಬಸ್ ಚಾರ್ಜು, ಅದೆಲ್ಲ ಪ್ರಾಜೆಕ್ಟಿನ ಖರ್ಚೇ. ಕಂಪನಿಗಳು ತಮ್ಮದೇ ಬೇರೆ ಮಿತಿ ಹಾಕಿಕೊಂಡಿರಬಹುದು. ಹಾಗಾದರೆ ಅದು ಕಂಪನಿಯ ನೀತಿ, ಕಾನೂನು ಅಂತ ಹೇಳಿ ನಿಮ್ಮ ಬಾಯಿ ಮುಚ್ಚಿಸುವುದು ಸರಿಯಲ್ಲ.

ಅವರ ಕಡೆಯಿಂದ ಒಂದು ನಿಜವಾದ ತೊಡಕು ಇದ್ದಿರಬಹುದು, ಅದನ್ನೂ ಹೇಳಿಬಿಡುತ್ತೇನೆ. 2023ರ ಹಣಕಾಸು ಕಾಯ್ದೆಯಲ್ಲಿ ಬಂದ ಬದಲಾವಣೆಯ ಪ್ರಕಾರ ಒಂದು ನೋಂದಾಯಿತ ಟ್ರಸ್ಟ್ ಇನ್ನೊಂದಕ್ಕೆ ದೇಣಿಗೆ ಕೊಟ್ಟರೆ ಅದರಲ್ಲಿ ಶೇ. 85 ಮಾತ್ರ ಕೊಟ್ಟವರ ಖರ್ಚು ಅಂತ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಲೀಡ್ ಸಂಸ್ಥೆಗಳ ಆಡಿಟರುಗಳು ಪಾರ್ಟ್ನರ್‌ಗೆ ಹಣ ದಾಟಿಸುವುದು ಅಂದರೆ ಮುಖ ಸಿಂಡರಿಸುತ್ತಾರೆ. ದಾರಿ ಇಲ್ಲದೆ ಇಲ್ಲ. ಕಂಪನಿಯೇ ಇಬ್ಬರ ಜೊತೆ ಬೇರೆ ಬೇರೆ ಒಪ್ಪಂದ ಮಾಡಿಕೊಂಡು ನೇರವಾಗಿ ಹಣ ಹಾಕಬಹುದು, ನಿಮ್ಮ ಬಳಿ ಸಿಎಸ್‌ಆರ್-1 ಇದ್ದರೆ. ಅಥವಾ ನೀವು ಮಾಡುವ ಕೆಲಸಕ್ಕೆ ಬಿಲ್ ಹಾಕಬಹುದು. ಆಗ ಟಿಡಿಎಸ್, ಜಿಎಸ್‌ಟಿ ಪ್ರಶ್ನೆ ಬರುತ್ತದೆ, ನಿಮ್ಮ ಆಡಿಟರ್ ಹತ್ತಿರ ಕೂತು ಮಾತಾಡಿಯೇ ಹೂಂ ಅನ್ನಿ.

ಮುಂದೆ ಹಳ್ಳಿಗಳ ಪಟ್ಟಿ ಕೊಡುವ ಮೊದಲು ಬಜೆಟ್ ಶೀಟ್ ಕೇಳಿ. ಇಡೀ ಶೀಟ್, ನಿಮ್ಮ ಸಾಲು ಮಾತ್ರ ಅಲ್ಲ. ಕೊಡಲ್ಲ ಅಂದರೆ ಪಟ್ಟಿಯೂ ಇಲ್ಲ. ಕೊಟ್ಟದ್ದೆಲ್ಲ ಮೇಲ್‌ನಲ್ಲೇ ಹೋಗಲಿ, ಪೆನ್ ಡ್ರೈವ್‌ನಲ್ಲಿ ಬೇಡ. ಇನ್ನೊಂದು ಮಾತು. ಆ ಪಟ್ಟಿಯಲ್ಲಿರುವುದು ಹೆಂಗಸರ ಹೆಸರು, ಫೋನ್ ನಂಬರು, ಸಾಲದ ವಿವರ ಅಲ್ವಾ? ಅವರನ್ನು ಕೇಳದೆ ಅದನ್ನು ಯಾರಿಗೂ ಕೊಡುವ ಹಾಗಿಲ್ಲ. ಪ್ರಪೋಸಲ್‌ಗೆ ಎಷ್ಟು ಸಂಘ, ಎಷ್ಟು ಸದಸ್ಯರು ಅಂದರೆ ಸಾಕು. ಈಗ ನಿಮ್ಮ ಹೆಸರು ಇನ್ನೂ ಆ ಅರ್ಜಿಯಲ್ಲಿದ್ದು ಈ ಷರತ್ತಿಗೆ ನೀವು ಒಪ್ಪದಿದ್ದರೆ, ಲೀಡ್ ಸಂಸ್ಥೆಗೂ ಕಂಪನಿಗೂ ಒಟ್ಟಿಗೇ ಒಂದು ಮೇಲ್ ಕಳಿಸಿ. ಜಗಳ ಬೇಡ, ಬೈಗುಳ ಬೇಡ. "ಈ ಬಜೆಟ್‌ಗೆ ನಮ್ಮ ಒಪ್ಪಿಗೆ ಇಲ್ಲ, ಹೆಸರು ತೆಗೆಯಿರಿ." ಲೀಡ್ ಸಂಸ್ಥೆಯವರು ಅವತ್ತೇ ಫೋನ್ ಮಾಡದಿದ್ದರೆ ಕೇಳಿ.

ಪ್ರಶ್ನೆ: ನಾನು ಅಮೆರಿಕದಲ್ಲಿದ್ದೇನೆ. ಇಲ್ಲಿನ ನಮ್ಮ ಕನ್ನಡ ಸಂಘದವರು ಸೇರಿ ಊರಿನ ಸರ್ಕಾರಿ ಶಾಲೆಗಳಿಗೆ ಲೈಬ್ರರಿ ಮಾಡಿಸಲು ಹಣ ಕೂಡಿಸಿದ್ದೇವೆ. ಬೆಂಗಳೂರಿನ ಒಂದು ಸಂಸ್ಥೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ) ಇದೆ. ಅವರ ಮೂಲಕ ನಮ್ಮೂರಿನ ಸಣ್ಣ ಟ್ರಸ್ಟಿಗೆ ದಾಟಿಸೋಣ ಅಂದರೆ ಆಗಲ್ಲ ಅಂತಿದ್ದಾರೆ. ನೆಪ ಹೇಳುತ್ತಿದ್ದಾರಾ?

ಉತ್ತರ: ನೆಪ ಅಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಕಾಯ್ದೆ ತಿದ್ದುಪಡಿಯಾಯಿತು. ಅದಕ್ಕೂ ಮುಂಚೆ ಎಫ್‌ಸಿಆರ್‌ಎ ಇರುವ ಒಂದು ಸಂಸ್ಥೆ ಇನ್ನೊಂದಕ್ಕೆ ವಿದೇಶಿ ದೇಣಿಗೆ ದಾಟಿಸಬಹುದಿತ್ತು. ಈಗ ಯಾರಿಗೂ ದಾಟಿಸುವಂತಿಲ್ಲ, ಪಡೆಯುವವರಿಗೂ ಎಫ್‌ಸಿಆರ್‌ಎ ಇದ್ದರೂ ಇಲ್ಲ. ದೊಡ್ಡ ಸಂಸ್ಥೆ ಹಣ ತಂದು ಹಳ್ಳಿಯ ಸಣ್ಣ ಸಂಸ್ಥೆಗಳಿಗೆ ಹಂಚುತ್ತಿದ್ದ ಪದ್ಧತಿ ಅಲ್ಲಿಗೆ ಮುಗಿಯಿತು. ನನ್ನನ್ನು ಕೇಳಿದರೆ ಊರ ಕಡೆಯ ಪಾರ್ಟ್ನರ್‌ಗಳನ್ನು ಕಳೆದುಕೊಂಡ ದೊಡ್ಡ ಸಂಸ್ಥೆಗಳಿಗೂ ಅದರಿಂದ ನಷ್ಟವೇ ಆಯಿತು.

ನಿಮಗಿರುವ ದಾರಿ ಇಷ್ಟು. ಬೆಂಗಳೂರಿನ ಸಂಸ್ಥೆ ತಾನೇ ಪುಸ್ತಕ ಕೊಂಡು, ತಾನೇ ಕಪಾಟು ಮಾಡಿಸಿ, ತನ್ನ ಲೆಕ್ಕದಲ್ಲೇ ಕೆಲಸ ಮಾಡಬೇಕು. ನಿಮ್ಮೂರಿನ ಟ್ರಸ್ಟ್ ದುಡ್ಡು ಮುಟ್ಟದೆ ಶಾಲೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ), ಊರವರ ಜೊತೆ ಮಾತುಕತೆ ನೋಡಿಕೊಳ್ಳಬಹುದು. ಇಲ್ಲವೇ ಟ್ರಸ್ಟ್ ತಾನೇ ನೋಂದಣಿಗೆ ಹಾಕಬೇಕು, ಅದಕ್ಕೆ ಮೂರು ವರ್ಷ ಹಳೆಯದಾಗಿರಬೇಕು, ಆ ಮೂರು ವರ್ಷದಲ್ಲಿ ಕನಿಷ್ಠ 15 ಲಕ್ಷ ರೂಪಾಯಿ ಮುಖ್ಯ ಕೆಲಸಕ್ಕೆ ಖರ್ಚು ಮಾಡಿರಬೇಕು. ಅಷ್ಟಿಲ್ಲದಿದ್ದರೆ ಇಂಥವರಿಂದ ಇಷ್ಟು ಹಣ ಅಂತ ಮುಂಚಿತ ಅನುಮತಿ ಕೇಳಬಹುದು. ಎರಡಕ್ಕೂ ತಾಳ್ಮೆ ಬೇಕು.

ನಿಮ್ಮಲ್ಲಿ ಎಷ್ಟು ಜನರ ಹತ್ತಿರ ಇನ್ನೂ ಭಾರತದ ಪಾಸ್‌ಪೋರ್ಟ್ ಇದೆ? ಅವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ, ಟ್ರಸ್ಟ್ ನೇರವಾಗಿ ಪಡೆಯಬಹುದು. ಅಮೆರಿಕದ ಪೌರತ್ವ ತೆಗೆದುಕೊಂಡವರು, ಒಸಿಐ ಕಾರ್ಡ್ ಇದ್ದರೂ, ಕಾನೂನಿನ ಕಣ್ಣಲ್ಲಿ ವಿದೇಶಿಯರೇ. ಸಂಘದ ಖಾತೆಯಿಂದ ಬರುವ ಹಣವೂ ಹಾಗೆಯೇ. ಎಲ್ಲರದನ್ನೂ ಒಂದೇ ಖಾತೆಗೆ ಸೇರಿಸಿ ಆಮೇಲೆ ಬೇರೆ ಮಾಡುತ್ತೇವೆ ಅಂತ ಮಾತ್ರ ಹೊರಡಬೇಡಿ. ತೊಂದರೆಗೆ ಸಿಕ್ಕಿಕೊಳ್ಳುವುದು ಊರಿನ ಟ್ರಸ್ಟು, ನೀವಲ್ಲ.

ಪ್ರಶ್ನೆ: ಪಾರ್ಟ್ನರ್ ಸಂಸ್ಥೆಯವರು ಆಡಿಟ್ ರಿಪೋರ್ಟ್ ಕೊಡುತ್ತಲೇ ಇಲ್ಲ. ಕೇಳಿದಾಗಲೆಲ್ಲ "ಆಡಿಟರ್ ಹತ್ರ ಇದೆ". ಬಿಟ್ಟುಬಿಡಲಾ?
(ಶಿವಮೊಗ್ಗ)

ಉತ್ತರ: ಯಾವ ವರ್ಷದ್ದು ಕೇಳುತ್ತಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ. ಈಗಷ್ಟೇ ಮುಗಿದ ವರ್ಷದ್ದಾದರೆ ಸುಳ್ಳೇ ಇರಬೇಕಿಲ್ಲ. ಟ್ರಸ್ಟುಗಳ ಆಡಿಟ್ ವರದಿ ಸಲ್ಲಿಸಲು ಸಾಮಾನ್ಯವಾಗಿ ಸೆಪ್ಟೆಂಬರ್ 30ರವರೆಗೆ ಸಮಯ ಇರುತ್ತದೆ, ನಮ್ಮ ಆಡಿಟರುಗಳು ಅದಕ್ಕಿಂತ ಒಂದು ದಿನ ಮೊದಲೂ ಕೊಡುವುದಿಲ್ಲ. ಅದರ ಹಿಂದಿನ ಮೂರು ವರ್ಷದ್ದು ಕೇಳಿ. ಅದೂ ಆಡಿಟರ್ ಹತ್ರ ಇದೆ ಅಂದರೆ ಬೇರೆಯವರನ್ನು ನೋಡಿ.

ಪ್ರಶ್ನೆ: ನಮ್ಮದು ಸ್ವಲ್ಪ ಹೆಸರಿರುವ ಸಂಸ್ಥೆ. ಪಾರ್ಟ್ನರ್ ಆಗಿ, ಬೆಂಬಲ ಪತ್ರ ಕೊಡಿ ಅಂತ ದಿನಾ ಫೋನು. ಇಲ್ಲ ಅನ್ನಲು ಮನಸ್ಸು ಬರುವುದಿಲ್ಲ. ಏನು ಮಾಡಲಿ?
(ಮೈಸೂರು)

ಉತ್ತರ: ಮನಸ್ಸು ಬಾರದೆ "ನೋಡೋಣ" ಅನ್ನುತ್ತೀರಲ್ಲ, ಹಾವೇರಿಯವರ ಪತ್ರವನ್ನು ಇನ್ನೊಮ್ಮೆ ಓದಿ. ಆಗದಿದ್ದರೆ ಅವತ್ತೇ ಆಗಲ್ಲ ಅನ್ನಿ. ಸಾಧ್ಯವಾದರೆ ಇನ್ನೊಬ್ಬರ ನಂಬರ್ ಕೊಡಿ, ಅದೇ ದೊಡ್ಡ ಸಹಾಯ.

ಬೆಂಬಲ ಪತ್ರ ಕೊಡುವುದಾದರೆ ನೀವೇ ಬರೆದು ಕೊಡಿ. ಇಂಥ ಅರ್ಜಿಗೆ, ಇಂಥ ಕೆಲಸಕ್ಕೆ, ಇಷ್ಟು ಮಟ್ಟಿಗೆ ಅಂತ ಸ್ಪಷ್ಟವಾಗಿರಲಿ, ತಾರೀಖು ಹಾಕಿ. ಅವಸರದಲ್ಲಿದ್ದಾರೆ ಪಾಪ ಅಂತ ಖಾಲಿ ಲೆಟರ್‌ಹೆಡ್ ಮೇಲೆ ಸಹಿ ಮಾಡಿ ಸೀಲು ಹೊಡೆದು ಕೊಡುವ ದೊಡ್ಡ ಮನಸ್ಸಿನವರನ್ನು ಕಂಡಿದ್ದೇನೆ. ಅಂಥ ಹಾಳೆ ಆಮೇಲೆ ಯಾವ ಯಾವ ಅರ್ಜಿಯ ಜೊತೆ ಹೋಗುತ್ತದೋ ಅವರಿಗೇ ಗೊತ್ತಿರುವುದಿಲ್ಲ. ಈಗಾಗಲೇ ಯಾರಿಗಾದರೂ ಕೊಟ್ಟಿದ್ದರೆ ನಾಳೆಯೇ ವಾಪಸ್ ತರಿಸಿಕೊಳ್ಳಿ.